ಮಂಚದಡಿಯ ವೈರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಂಗನುಯಿ ನದಿಯ ಮಂಜು ಷೆಡ್ಡಿನ ಬಾಗಿಲವರೆಗೂ ಬಂದಿದೆ. ಒಳಗೆ ನಿಂತಿರುವ ಮೋಟಾರ್‌ಹೋಮಿನ ಮಂಚದಡಿಯಿಂದ ಎರಡು ಬೂಟುಗಾಲು ಹೊರಚಾಚಿವೆ, ಜೊತೆಗೆ ಬೈಗುಳವೂ ಬರುತ್ತಿದೆ. "ಯಾವ ಪುಣ್ಯಾತ್ಮ ಎಳೆದಿದ್ದಪ್ಪಾ ಈ ವೈರು!"

ಬೂಟು, ಬೈಗುಳ ಎರಡೂ ಗ್ಲೆನಿಸ್ ಟ್ರೆಮೇನ್ ಅವರದು. ಅರವತ್ತು ದಾಟಿದ ಈ ಹೆಂಗಸು ಚಕ್ರದ ಮೇಲಿನ ಮನೆಗಳಿಗೆ ದೀಪ, ಫ್ರಿಜ್ಜು, ನೀರಿನ ಪಂಪು ಜೋಡಿಸುತ್ತಲೇ ಬೆನ್ನು ಸವೆಸಿದವರು. ಗಂಡ ತೀರಿಕೊಂಡ ಹೊಸದರಲ್ಲಿ ಗಿರಾಕಿಗಳು ಬಾಗಿಲಲ್ಲಿ ನಿಂತು, "ಕೆಲಸದವರು ಯಾರೂ ಇಲ್ವಾ?" ಎಂದು ಇವರನ್ನೇ ಕೇಳುತ್ತಿದ್ದರು. ಈಗಲೂ ಕೇಳುವವರಿದ್ದಾರೆ. ಹಲಗೆ ಮುಚ್ಚಿದ ಮೇಲೆ ಇವರ ಕೆಲಸ ಯಾರಿಗೂ ಕಾಣುವುದಿಲ್ಲ. ಬಂದವರೆಲ್ಲ ಹೊಗಳುವುದು ಕಿಟಕಿಯ ಪರದೆಯನ್ನು. ಕೇಳಿದರೆ ಇವರಿಗೆ ಮೈ ಉರಿಯುತ್ತದೆ.

ಗಾಡಿಯ ಯಜಮಾನ ಮರ್ಡಾಕ್ ಟೀ ಲೋಟ ಹಿಡಿದು ಬರುತ್ತಾರೆ. ಗ್ಲೆನಿಸ್ ಜೊತೆ ಶಾಲೆಯಲ್ಲಿ ಓದಿದವರು. ಹೊಸ ಹೀಟರ್ ಹಾಕಿಸಿಕೊಂಡು, ಹೆಂಡತಿ ಐಲ್ಸಾ ಮತ್ತು ಮೊಮ್ಮಗಳೊಡನೆ ಇವತ್ತೇ ಬೆಟ್ಟದ ಕಡೆ ಹೊರಡುವ ಆತುರ ಅವರಿಗೆ. ಮಂಚದ ಪಕ್ಕದ ಫ್ಯಾನಿಗೆ ವೈರು ಎಳೆದ ಪುಣ್ಯಾತ್ಮ ಅವರೇ.

"ಫ್ಯೂಸ್ ಹಾಕಿದ್ದೀನಲ್ಲ ಗ್ಲೆನಿಸ್, ಇನ್ನೇನು?"

"ಎಲ್ಲಿ ಹಾಕಿದ್ದೀಯ? ಫ್ಯಾನಿನ ಪಕ್ಕ! ಬ್ಯಾಟರಿಯಿಂದ ಅಲ್ಲೀತನಕ ವೈರನ್ನ ಕಾಯೋರ್ಯಾರು, ನಿಮ್ಮ ತಾತನಾ? ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಕಾಣ್ತಿದೆ. ತಗಡಿಗೆ ತಾಗಿದ್ರೆ ಬೆಂಕಿ. ಮೇಲೆ ಮಲಗೋದು ಯಾರು, ಹೇಳು?"

ಮಲಗುವುದು ಮೊಮ್ಮಗಳು. ಮರ್ಡಾಕ್ ಲೋಟದೊಳಗೆ ನೋಡುತ್ತಾರೆ.

"ವಾಪಸ್ ಬಂದ್ಮೇಲೆ ಸರಿ ಮಾಡಿದ್ರಾಯ್ತು. ಈಗ ಹೀಟರೊಂದು ಜೋಡಿಸ್ಕೊಡು ಮಾರಾಯ್ತಿ."

ಗ್ಲೆನಿಸ್ ಬ್ಯಾಟರಿಯ ತಂತಿ ಬಿಚ್ಚಿ, ಗಾಡಿಯ ಕೀಲಿಯನ್ನು ಜೇಬಿಗಿಳಿಸುತ್ತಾರೆ. "ಬೆಟ್ಟಕ್ಕೆ ನಡ್ಕೊಂಡು ಹೋಗು. ಈ ಗಾಡಿ ಹೊರಡಲ್ಲ."

"ಗಾಡಿ ನಂದು ಕಣೇ!"

"ಮಗು ನಿಂದಲ್ವಾ?"

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಐಲ್ಸಾ ಒಳಗೆ ಬಂದು, ಬಗ್ಗಿ, ಬೆತ್ತಲಾದ ತಾಮ್ರವನ್ನು ನೋಡುತ್ತಾರೆ. "ಟೀ ಅಲ್ಲಿಡಿ. ಟಾರ್ಚ್ ಹಿಡ್ಕೊಳ್ಳಿ," ಎನ್ನುತ್ತಾರೆ ಗಂಡನಿಗೆ.

ಮಧ್ಯಾಹ್ನದವರೆಗೂ ಮರ್ಡಾಕ್ ಟಾರ್ಚ್ ಹಿಡಿಯುತ್ತಾರೆ. ಹೊಸ ವೈರು ಬರುತ್ತದೆ, ಫ್ಯೂಸು ಬ್ಯಾಟರಿಯ ಮಗ್ಗುಲಿಗೆ ಬರುತ್ತದೆ, ತಗಡು ದಾಟುವಲ್ಲಿ ರಬ್ಬರಿನ ಬಳೆ ಕೂರುತ್ತದೆ. ಹೀಟರೂ ಉರಿಯುತ್ತದೆ. ಪ್ರತಿ ಜೋಡಣೆಯನ್ನೂ ಗ್ಲೆನಿಸ್ ಕೈಯಿಂದ ಜಗ್ಗಿ ನೋಡಿ, ನಂಬಿಕೆ ಸಾಲದೆ ಮತ್ತೆ ಜಗ್ಗಿ ನೋಡುತ್ತಾರೆ. ಆಮೇಲೆ ಎಲ್ಲದರ ಮೇಲೆ ಹಲಗೆ ಮುಚ್ಚುತ್ತದೆ.

ಗಾಡಿ ಹೊರಟು ತಿರುವು ದಾಟುವವರೆಗೂ ಗ್ಲೆನಿಸ್ ಅವರ ಸಿಟ್ಟು ಇಳಿಯುವುದಿಲ್ಲ. ಯಾರಿಗೂ ಕಾಣದ ಈ ಕೆಲಸದಿಂದ ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ಬೆಂಕಿ ಬಿದ್ದಾಗ ಮಾತ್ರ ವೈರಿಂಗ್ ಮಾಡಿದ್ಯಾರು ಅಂತ ಹುಡುಕ್ತಾರೆ. ಆ ಗಾಡಿ ವಿಷ್ಯದಲ್ಲಿ ನನ್ನ ಹೆಸರು ಯಾರೂ ಯಾವತ್ತೂ ಕೇಳ್ಬಾರ್ದು. ಅಷ್ಟೇ."