ಬಾಲ ಹಿಡಿದು ನಿಂತವನು

ಭರಮಣ್ಣ, ನಿನ್ನನ್ನು ಕುದುರೆಯ ಹಿಂದೆ ನಿಲ್ಲಿಸಿದವನು ನಾನು. ವಿಚಾರಣೆಯಲ್ಲಿ ಆ ಮಾತನ್ನು ನುಂಗಿಕೊಂಡೆ — ಮಗಳ ಮದುವೆಗೆ ನಿನಗೆ ಸಿಗಬೇಕಿದ್ದ ಪೆರೋಲ್ ಅದರಿಂದಲೇ ತಪ್ಪಿತು.

ಗಡಹಿಂಗ್ಲಜದಲ್ಲಿ ದನದ ಡಾಕ್ಟರಾಗಿ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಬೇಸತ್ತಿದ್ದೆ. ಕೊಲ್ಹಾಪುರದ ಜೈಲಿನಲ್ಲಿ ಕೈದಿಗಳಿಗೆ ಕುದುರೆಯ ಅಂಗರಚನೆ, ಆರೈಕೆ ಕಲಿಸುತ್ತೀರಾ ಎಂದು ಅಲ್ಲಿಯವರು ಕೇಳಿದಾಗ ಕುಣಿದುಕೊಂಡೇ ಹೋದೆ. ಇಚಲಕರಂಜಿಯ ವ್ಯಾಪಾರಿಯೊಬ್ಬರು ತಾವು ಸಾಕಿದ ಕಂದು ಕುದುರೆಯನ್ನು ಪಾಠಕ್ಕೆ ಕಳಿಸುತ್ತಿದ್ದರು. ಅದರ ಮೈಮೇಲೆ ಸೀಮೆಸುಣ್ಣದಿಂದ ಮೂಳೆ, ಕೀಲು ಬರೆದು ತೋರಿಸುತ್ತಿದ್ದೆ. ಕುದುರೆಯ ಹಿಂದೆ ನಿಲ್ಲಬಾರದೆಂದು ಮೊದಲ ದಿನವೇ ಹೇಳಿದ್ದೆ. ನೀನು ಅದನ್ನೇ ಉಳಿದವರಿಗೂ ಹೇಳಿ ಹೇಳಿ ತಲೆ ತಿನ್ನುತ್ತಿದ್ದೆ.

ಆ ದಿನ ಹಿಂಗಾಲಿನ ಕೀಲು ಬರೆಯುತ್ತಿದ್ದೆ. ನೊಣದ ಕಾಟಕ್ಕೆ ಅದು ಬಾಲ ಬೀಸಿದಾಗಲೆಲ್ಲ ನನ್ನ ಗೆರೆ ಅಳಿಸಿಹೋಗುತ್ತಿತ್ತು. ರೇಗಿಹೋಯಿತು. “ಭರಮಣ್ಣ, ಹಿಂದ ನಿಂತು ಬಾಲ ಹಿಡಿಯೋ,” ಎಂದೆ. ನೀನು ನನ್ನ ಮುಖ ನೋಡಿದೆ — ಆಮೇಲೆ ಹೋಗಿ ಹಿಡಿದೆ. ಕುದುರೆ ಬೆದರಿ ಒದೆಯಿತು. ನೀನು ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡೆ; ನಿನ್ನ ಹಿಂದಿದ್ದ ಕಾವಲುಗಾರನ ಕೈ ಮುರಿಯಿತು.

ಆ ಕಾವಲುಗಾರನಿಗೆ ಕನ್ನಡ ಬಾರದು; ಉಳಿದ ಕೈದಿಗಳನ್ನು ಯಾರೂ ಏನೂ ಕೇಳಲಿಲ್ಲ. ಇವನು ಕುದುರೆಯ ಹಿಂದೆ ನಿಂತಿದ್ದು ನಿಜವೇ ಎಂದು ವಿಚಾರಣೆಯಲ್ಲಿ ಜೈಲಿನ ಸಾಹೇಬರು ಮರಾಠಿಯಲ್ಲಿ ನನ್ನನ್ನು ಕೇಳಿದರು. “ಹೋಯ್, ಉಭಾ ಹೋತಾ,” ಎಂದೆ. ಹೌದು, ನಿಂತಿದ್ದ.

ಸುಳ್ಳೇನಲ್ಲ. ಆದರೆ ಅಲ್ಲಿಗೇ ಏಕೆ ಬಾಯಿ ಮುಚ್ಚಿದೆ? ತರಗತಿ ನಿಂತುಹೋದೀತೆಂದು — ಎಷ್ಟೋ ವರ್ಷ ಹಾಗೆಂದೇ ನಂಬಿದ್ದೆ. ಈಗ ಅದೂ ಅನುಮಾನ. ಹೆಸರು ಕೆಟ್ಟೀತೆಂಬ ಭಯವೇ? ಅಥವಾ ಕೈದಿ ತಾನೇ, ಅವನ ತಲೆಗೆ ಇನ್ನೊಂದು ತಪ್ಪು ಕಟ್ಟಿದರೇನು ಎಂದು — ಇಲ್ಲ, ಹಾಗೆ ಅಂದುಕೊಂಡಿರಲಿಲ್ಲ. ಅಂದುಕೊಂಡಿದ್ದೆನೇ? ನನಗೇ ತಿಳಿಯುತ್ತಿಲ್ಲ.

ಪೆರೋಲ್ ಇಲ್ಲವೆಂದಾದ ಮೇಲೆ ಎಲ್ಲವನ್ನೂ ಹೇಳಿಬಿಡಬೇಕೆಂದು ನಿನ್ನ ಬಳಿ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀನಂದೆ: “ನಂದೇ ತಪ್ಪು ರೀ ಡಾಕ್ಟರ್. ಹಿಂದ ನಿಲ್ಲಬ್ಯಾಡಂತ ನೀವು ಮೊದಲೇ ಹೇಳಿದ್ರಿ. ನಾ ಯಾಕ ಅಲ್ಲಿ ಹೋದೆನೋ, ಎಷ್ಟು ವಿಚಾರ ಮಾಡಿದ್ರೂ ತಿಳೀವಲ್ದು.”

ನನ್ನನ್ನು ಉಳಿಸಲು ಹಾಗಂದೆಯೋ, ಆ ಗಾಬರಿಯಲ್ಲಿ ನಿಜವಾಗಿಯೂ ಮರೆತಿದ್ದೆಯೋ? ನಿನ್ನ ಮುಖದಲ್ಲಿ ನಾಟಕ ಕಾಣಲಿಲ್ಲ. ಮರೆತಿದ್ದರೆ ಒಳ್ಳೆಯದೇ ಆಯಿತೆಂದು ನಾನು ಒಳಗೊಳಗೇ ಹಗುರಾದೆ. ಎಂಥ ನಾಚಿಕೆಗೇಡು! “ಇರಲಿ ಬಿಡೋ, ಆಗ್ತಾವ,” ಎಂದು ನಿನ್ನ ಬೆನ್ನು ತಟ್ಟಿದೆ — ನಾನು, ನಿನ್ನನ್ನು ಕ್ಷಮಿಸಿದೆ.

ಬಿಡುಗಡೆಯಾಗಿ ಉದಗಾಂವದಲ್ಲಿ ಮಗಳ ಮನೆಯಲ್ಲಿದ್ದೀ ಎಂದು ಕೇಳಿದೆ. ನಾಳೆ ಬರುತ್ತೇನೆ. ಒಳಗೆ ಕರೆಯುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟಿದ್ದು. ಬಾಗಿಲಲ್ಲೇ ನಿಂತಾದರೂ ನಿನ್ನ ಮಗಳಿಗೂ ಕೇಳುವಂತೆ ಹೇಳುತ್ತೇನೆ: ಹಿಂದೆ ನಿಲ್ಲಬಾರದೆಂಬ ಪಾಠವನ್ನು ನೀನು ಮರೆತಿರಲಿಲ್ಲ, ಭರಮಣ್ಣ. ನಾನು ನಿಲ್ಲು ಎಂದೆ, ನೀನು ನಿಂತೆ.