ಉಪ್ಪಿನ ಭರಣಿ ಬರಿದಾಗಬಾರದು

ಮೇ ತಿಂಗಳ ಮುಂಬಯಿಯಲ್ಲಿ ಸ್ವೆಟರ್ ಹಾಕಿಕೊಂಡು, ಕಾಲುಚೀಲ ತೊಟ್ಟು, ಫ್ಯಾನ್ ಆರಿಸಿ ಕೂತ ಹೆಂಗಸನ್ನು ಯಾರಾದರೂ ನೋಡಿದ್ದರೆ ಅದು ನಾನೇ. ಮುಲುಂಡ್‌ನ ನಮ್ಮ ಬಿಲ್ಡಿಂಗಿಗೆ ಬಿಲ್ಡಿಂಗೇ ಬೆವರು ಒರೆಸಿಕೊಳ್ಳುತ್ತಿದ್ದಾಗ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಮುಖ ಊದಿತ್ತು, ದನಿ ಗೊಗ್ಗರಾಗಿತ್ತು. ಒಂದು ಮಾತನ್ನು ಹುಡುಕಿ ನಾಲಿಗೆಗೆ ತರುವಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಮೈಯಲ್ಲಿ ಎಲ್ಲವೂ ನಿಧಾನವಾಗಿತ್ತು, ಸಿಟ್ಟೊಂದನ್ನು ಬಿಟ್ಟು.

ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಎಂದು ತಿಳಿದು, ಇಡೀ ಗ್ರಂಥಿಯನ್ನೇ ಕತ್ತರಿಸಿ ತೆಗೆದಿದ್ದರು. ಆದರೂ ಅಲ್ಲಲ್ಲಿ ಚೂರುಪಾರು ಉಳಿದಿರುತ್ತದಂತೆ. ಅದನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ತುಂಬಿದ ಗುಳಿಗೆಯೊಂದನ್ನು ನುಂಗಬೇಕಿತ್ತು. ಥೈರಾಯ್ಡಿನ ಜೀವಕೋಶಗಳಿಗೆ ಅಯೋಡಿನ್ ಅಂದರೆ ಪ್ರಾಣ. ರಕ್ತದಲ್ಲಿ ಎಲ್ಲಿ ಸಿಕ್ಕರೂ ಎಳೆದುಕೊಳ್ಳುತ್ತವೆ, ಗುಳಿಗೆಯದನ್ನೂ ಎಳೆದುಕೊಂಡು ಅದರಿಂದಲೇ ಸಾಯುತ್ತವೆ. ಆದರೆ ಅದಕ್ಕೆ ಮುಂಚೆ ಅವು ಚೆನ್ನಾಗಿ ಹಸಿದಿರಬೇಕು. ಹೊಟ್ಟೆ ತುಂಬಿದವರ ಮುಂದೆ ಹೋಳಿಗೆ ಇಟ್ಟರೆ ಯಾರು ಮುಟ್ಟುತ್ತಾರೆ ಎಂದು ನಾನು ಅತ್ತೆಗೆ ತಿಳಿಸಿ ಹೇಳಿದ್ದೆ.

ಅವನ್ನು ಹಸಿವೆಗೆ ಕೆಡವಲು ಎರಡು ಶಿಕ್ಷೆ. ತೆಗೆದ ಗ್ರಂಥಿಯ ಬದಲು ದಿನಾ ನುಂಗಬೇಕಾದ ಮಾತ್ರೆಯನ್ನು ವಾರಗಟ್ಟಲೆ ನಿಲ್ಲಿಸುವುದು ಒಂದು. ಆ ಸ್ವೆಟರು, ಆ ಗೊಗ್ಗರು ದನಿ ಬಂದದ್ದು ಅದರಿಂದಲೇ. ಕೊನೆಯ ಎರಡು ವಾರ ಊಟದಲ್ಲಿ ಅಯೋಡಿನ್ ಇರದಂತೆ ನೋಡಿಕೊಳ್ಳುವುದು ಇನ್ನೊಂದು. ಹಾಲು, ಮೊಸರು, ಮೊಟ್ಟೆ, ಬ್ರೆಡ್ಡು, ಹೋಟೆಲಿನ ತಿಂಡಿ ಯಾವುದೂ ಕೂಡದು. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ದಿನಾ ಬಳಸುವ ಉಪ್ಪು ಕೂಡದು.

ಅಯೋಡಿನ್ ಇಲ್ಲದ ಉಪ್ಪು ತರುತ್ತೇನೆ ಎಂದು ಹೊರಟ ನಮ್ಮ ಮನೆಯವರು ಮುಲುಂಡ್‌ನ ಅಂಗಡಿಯನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದರು. ಶಾಲೆಯಲ್ಲಿದ್ದಾಗಿನಿಂದ ಅಯೋಡಿನ್ ಉಪ್ಪು ತಿನ್ನಿ, ಇಲ್ಲದಿದ್ದರೆ ಗಳಗಂಡ ಬರುತ್ತದೆ ಎಂದು ಟಿವಿಯವರು ನಮ್ಮ ತಲೆ ತಿಂದಿದ್ದರು. ಈಗ ಬೇಡ ಅಂದರೆ ಎಲ್ಲಿ ಸಿಗಬೇಕು? ಹೈವೇ ದಾಟಿದರೆ ಉಪ್ಪಿನ ಗದ್ದೆಗಳಿವೆ, ಅಲ್ಲಿಂದ ತರಲೇ ಎಂದು ಇವರು ಕೇಳಿದರು. ಸಮುದ್ರದ ಉಪ್ಪೂ ಬೇಡವೆಂದು ಡಾಕ್ಟರು ಮೊದಲೇ ಹೇಳಿದ್ದರು. ಕಡೆಗೆ ಮಾಟುಂಗದಲ್ಲಿ ಪೂಜಾಸಾಮಾನು, ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಉಪವಾಸಕ್ಕೆ ಬಳಸುವ ಸೈಂಧವ ಲವಣ ಸಿಕ್ಕಿತು. ಅಯೋಡಿನ್ ಸೇರಿಸಿಲ್ಲ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಡಾಕ್ಟರಿಗೆ ಫೋಟೋ ಕಳಿಸಿದೆವು, ಆಗಬಹುದು ಅಂದರು.

ಅಡುಗೆಗೆ ನಿಂತವರು ಅತ್ತೆ. ಬಾಗಲಕೋಟೆ ಕಡೆಯವರು, ಮುಂಬಯಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಒಲೆಯ ಮುಂದೆ ನಿಂತರೆ ಊರಿನಲ್ಲೇ ಇದ್ದ ಹಾಗೆ. ನನ್ನ ಪಥ್ಯವನ್ನು ಅವರು ವ್ರತದಂತೆ ಹಿಡಿದರು. ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿಗೆ ಹಳೆಯ ಉಪ್ಪು ಬಿದ್ದಿದೆ ಎಂದು ಅದನ್ನು ಪಕ್ಕದ ಮನೆಗೆ ಕೊಟ್ಟು ಹೊಸದಾಗಿ ಕುಟ್ಟಿದರು. ಉಪ್ಪಿನಕಾಯಿ ನನ್ನ ಕಣ್ಣಿಗೂ ಬೀಳದಂತೆ ಎತ್ತಿಟ್ಟರು. ಕೆಳಗಿನ ಮನೆಯಾಕೆ ಸತ್ಯನಾರಾಯಣ ಪೂಜೆಯ ಪ್ರಸಾದ ತಂದಾಗ, ಅದರಲ್ಲಿ ಹಾಲಿದೆಯೆಂದು ಬಾಗಿಲಲ್ಲೇ ಕೈಮುಗಿದು ಇಸಿದುಕೊಂಡು ತಾವೇ ತಿಂದರು. ಇಂಥವರು ಒಲೆಯ ಮುಂದಿರುವಾಗ ನನಗೇನು ಭಯ ಎಂದು ನಾನು ಸ್ವೆಟರಿನೊಳಗೆ ಮುದುಡಿ ಕೂತಿದ್ದೆ.

ಗುಳಿಗೆಯ ದಿನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದರು. ಗಂಜಿ ಸಪ್ಪೆಯಾಗಿದೆ ಎಂದು ನಾನೇ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಉಪ್ಪಿನ ಭರಣಿಗೆ ಚಮಚ ಹಾಕಿದೆ. ಮೇಲೆ ಸೈಂಧವದ ಹರಳು ಹರಳು, ತೆಳು ಗುಲಾಬಿ. ಚಮಚ ತಳಕ್ಕೆ ಹೋಗಿ ಮೇಲೆ ಬಂದಾಗ ಅದರ ತುಂಬ ಬೆಳ್ಳಗಿನ ಪುಡಿಯುಪ್ಪು.

ನಾನು ಅದನ್ನು ನೋಡುತ್ತ ನಿಂತೆ. ತಲೆ ನಿಧಾನ ಓಡುತ್ತಿತ್ತಲ್ಲ, ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದೇ ಅತ್ತೆಯನ್ನು ಎಬ್ಬಿಸಿ, ಆ ಬಿಳಿ ಉಪ್ಪು ಎಲ್ಲಿಂದ ಬಂತೆಂದು ಕೇಳಿದೆ.

“ಎಲ್ಲಿಂದ ಬರತೈತಿ, ಅಲ್ಲೇ ಇತ್ತು. ಹಳೇದರ ಮ್ಯಾಲ ಹೊಸಾದು ಸುರವೀನಿ,” ಅಂದರು.

ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಬರಿದಾಗಬಾರದು. ಉಪ್ಪು ಮುಗಿಯಿತು ಎಂದು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ, ಹೆಚ್ಚಾಗಿದೆ ಅನ್ನಬೇಕು. ತಳದಲ್ಲಿ ಹಳೆಯದು ಇರುವಾಗಲೇ ಅದರ ಮೇಲೆ ಹೊಸದನ್ನು ಸುರಿಯಬೇಕು. ಮದುವೆಯಾಗಿ ಬಂದ ದಿನದಿಂದ ನಾನೂ ಹಾಗೇ ಮಾಡುತ್ತ ಬಂದವಳು, ಆದರೆ ಈ ಉಪ್ಪಿನ ವಿಷಯದಲ್ಲೂ ಹಾಗೇ ಮಾಡಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಮೊದಲು ಮೇಲಿನ ಸೈಂಧವವೇ ಚಮಚಕ್ಕೆ ಬಂದಿರಬೇಕು. ಭರಣಿ ಇಳಿದ ಹಾಗೆ ಎರಡೂ ಕಲೆತು, ಎಷ್ಟೋ ದಿನದಿಂದ ನನ್ನ ಹೊಟ್ಟೆಗೆ ಹೋಗುತ್ತಿತ್ತು.

ನಾನು ಬಾಯಿಗೆ ಬಂದದ್ದು ಅಂದೆ. ನಿಮ್ಮ ಭರಣಿ ತುಂಬಿರಲಿ, ನನ್ನ ಕುತ್ತಿಗೆಯಲ್ಲಿ ಕ್ಯಾನ್ಸರೂ ತುಂಬಿರಲಿ ಎಂದೆ. ಅಂದದ್ದಕ್ಕೆ ಇವತ್ತಿಗೂ ನನಗೇನೂ ಅನ್ನಿಸುವುದಿಲ್ಲ, ಹೋಗುತ್ತಿದ್ದದ್ದು ನನ್ನ ಜೀವ. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

“ನಿಮ್ಮ ಮಾವ ಜಡ್ಡಾಗಿ ಮಲಗಿದ್ದಾಗ ಒಮ್ಮೆ ಭರಣಿ ಬರಿದು ಮಾಡಿದ್ದೆ,” ಅಂದರು. “ತೊಳದು ಬಿಸಲಿಗೆ ಇಟ್ಟು ಒಳಗ ಬರೂದ್ರಾಗ ಅವರು ಇರಲಿಲ್ಲ. ನೀನೂ ಮಲಗೀದಿ. ನನಗ ಕೈ ಬರಲಿಲ್ಲವ್ವಾ.”

ಸಂಜೆ ಆಫೀಸಿನಿಂದ ಬಂದ ಇವರು ಎಲ್ಲ ಕೇಳಿ, ಸುಮ್ಮನಿರೋಣ ಅಂದರು. ಆ ಆಸ್ಪತ್ರೆಯಲ್ಲಿ ಗುಳಿಗೆ ಕೊಡುವ ಕೋಣೆಗಳು ಕೆಲವೇ. ಕಾಯುವವರ ಸಾಲು ದೊಡ್ಡದು. ಸಿಕ್ಕ ದಿನ ಕೈಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ. ಅಲ್ಲಿಯವರೆಗೆ ಮಾತ್ರೆಯೂ ಇಲ್ಲದೆ ನೀ ಹೀಂಗ ಇರಬೇಕಲ್ಲ, ಚೂರು ಉಪ್ಪಿನಿಂದ ಏನಾಗತೈತಿ ಎಂದು ನನ್ನ ಊದಿದ ಮುಖ ನೋಡಿದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ನನಗೂ ಆಸೆಯಾಯಿತು. ಆ ಮೈಯೊಳಗೆ ಇನ್ನೊಂದು ದಿನ ಇರಲು ನನಗೆ ಸಾಕಾಗಿ ಹೋಗಿತ್ತು. ಆದರೆ ಹೇಳದೆ ನುಂಗಿ, ಗುಳಿಗೆ ಹಿಡಿಯದೆ ಮೈಯಿಂದ ಹಾಗೇ ಹರಿದುಹೋದರೆ? ಉಳಿದ ಚೂರುಗಳು ಒಳಗೇ ಕೂತು ಬೆಳೆದರೆ?

ಮರುದಿನ ರಕ್ತಪರೀಕ್ಷೆಗೆ ಆಸ್ಪತ್ರೆಗೆ ಹೋಗುವುದಿತ್ತು. ನಾವು ಹೊರಡುವಾಗ ಅತ್ತೆ ಒಳ್ಳೆಯ ಸೀರೆಯುಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲು ಹೋದಮೇಲೆ ಅವರು ಲೋಕಲ್ ಹತ್ತಿದ್ದೇ ಇಲ್ಲ. ಬೇಡವೆಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಲೇಡೀಸ್ ಡಬ್ಬಿಯಲ್ಲಿ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಸಿ, ತಾವು ಕಂಬ ಹಿಡಿದು ನಿಂತೇ ಬಂದರು. ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ಊಟದ ಪಥ್ಯ ಸರಿಯಾಗಿ ನಡೆದಿದೆಯೇ ಎಂದು ಕೇಳಿದರು. ಇವರು ಹಿಂದಿಯಲ್ಲಿ ಎಲ್ಲ ಠೀಕ್ ಎಂದುಬಿಟ್ಟರು. ನಾನು ಬಾಯಿ ತೆರೆದೆ, ಮಾತು ಎಂದಿನಂತೆ ಗಂಟಲಲ್ಲೇ ತಡೆಯಿತು. ಅಷ್ಟರಲ್ಲಿ ಅತ್ತೆ ಮೇಜಿನ ಅಂಚು ಹಿಡಿದು ಮುಂದೆ ಬಂದರು.

“ಡಾಕ್ಟರಬಾಯಿ, ಜುನಾ ಮೀಠ ಹೋತಾ,” ಅಂದರು. ಹಳೆಯ ಉಪ್ಪು ಇತ್ತು ಎಂದು. ಕಾಯಿಪಲ್ಲೆ ಮಾರುವವರ ಜೊತೆ ಆಡಿ ಕಲಿತ ಮರಾಠಿ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಕನ್ನಡದಲ್ಲಿ ಹೇಳಿ, ಮಗನ ಕಡೆ ತಿರುಗಿ, ಒಂದಕ್ಷರ ಬಿಡದೆ ಹೇಳು ಅಂದರು. ಇವರು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹಿಂದಿಯಲ್ಲಿ ಹೇಳಿದರು.

ಎಷ್ಟಿತ್ತು ಎಂದು ಡಾಕ್ಟರು ಕೇಳಿದರು. ಅತ್ತೆ ಮುಷ್ಟಿ ಬಿಗಿದು ತೋರಿಸಿದರು. ಡಾಕ್ಟರು ಬರೆದುಕೊಳ್ಳುತ್ತಿದ್ದಂತೆ ಆ ಮುಷ್ಟಿ ಹಾಗೇ ಗಾಳಿಯಲ್ಲಿ ನಿಂತಿತು. ಆಮೇಲೆ ಅತ್ತೆ ನನ್ನ ಮುಖ ನೋಡಿದರು, ಕೈ ಇಳಿಸಿದರು.

“ಒಂದು ಹಿಡಿ ಅಲ್ಲ. ಕಾಲು ಭರಣಿ ಇತ್ತು,” ಅಂದರು.

ಡಾಕ್ಟರು ಬೈಯಲಿಲ್ಲ. ಮೂತ್ರದಲ್ಲಿ ಅಯೋಡಿನ್ ಎಷ್ಟಿದೆ ಎಂದು ನೋಡೋಣ ಅಂದರು. ವರದಿ ಬರುವವರೆಗೆ ನಾನು ಉಪ್ಪಿಲ್ಲದ ಗಂಜಿ ಕುಡಿದೆ, ಫೋನ್ ರಿಂಗಾದರೆ ಮೂವರೂ ಬೆಚ್ಚುತ್ತಿದ್ದೆವು. ವರದಿ ಬಂತು, ಅಯೋಡಿನ್ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಈಗ ಕೊಟ್ಟಿದ್ದರೆ ಗುಳಿಗೆ ದಂಡವಾಗುತ್ತಿತ್ತು, ಹೇಳಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಪಥ್ಯ ಮತ್ತೆ ಮೊದಲಿನಿಂದ. ಇನ್ನೊಂದು ದಿನ ಕೊಡಿಸಲು ನೋಡುತ್ತೇನೆ, ಅಲ್ಲಿಯವರೆಗೆ ಮಾತ್ರೆ ಮಾತ್ರ ಮುಟ್ಟಬೇಡಿ ಎಂದರು. ನಾನು ಫೋನ್ ಇಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದಾಯಿತು. ಅತ್ತೆ ಭರಣಿಯನ್ನು ಬಗ್ಗಿಸಿ ಉಪ್ಪನ್ನೆಲ್ಲ ಮೋರಿಗೆ ಚೆಲ್ಲುತ್ತಿದ್ದರು. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದರು, ಚಮಚವನ್ನೂ ಮುಚ್ಚಳವನ್ನೂ ತಿಕ್ಕಿದರು. ಬಾಲ್ಕನಿಯಲ್ಲಿ ಬಟ್ಟೆ ಹಾಸಿ ಭರಣಿಯನ್ನು ಬೋರಲು ಹಾಕಿದರು. ಹಾಕಿದವರೇ ಮೊಣಕಾಲಿನ ನೋವನ್ನೂ ಮರೆತು ಓಡಿದ ಹಾಗೆ ಒಳಗೆ ಬಂದು, ನನ್ನ ಮಂಚದ ಮೇಲೆ ಕೂತು, ನನ್ನ ಮುಂಗೈ ಹಿಡಿದುಕೊಂಡರು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಭರಣಿ ಒಣಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ, ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಆ ಹೊತ್ತು ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಇವರು ಹೊಸ ಪೊಟ್ಟಣ ತಂದು ಭರಣಿಗೆ ಸುರಿದ ಮೇಲೆಯೇ ಅತ್ತೆ ಎದ್ದು ಒಲೆ ಹಚ್ಚಿದರು.

ಆಮೇಲಿನ ದಿನಗಳು ಹೇಗೆ ಹೋದವೋ ನನಗೆ ಸರಿಯಾಗಿ ನೆನಪಿಲ್ಲ. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು, ಕೂತಲ್ಲೇ ನಿದ್ದೆ ಹೋಗುತ್ತಿದ್ದೆ. ಅತ್ತೆ ನನ್ನದೇ ಅಡುಗೆ ತಾವೂ ಉಂಡರು, ಮಜ್ಜಿಗೆಯಿಲ್ಲದೆ ಊಟ ಮುಗಿಸದ ಹೆಂಗಸು. ನಾನು ಅವರೊಡನೆ ಬೇಕಾದಷ್ಟೇ ಮಾತಾಡಿದೆ.

ಕಡೆಗೊಮ್ಮೆ ದಿನ ಬಂತು. ಸೀಸದ ಡಬ್ಬಿಯಿಂದ ಬಂದ ಗುಳಿಗೆಯನ್ನು ನುಂಗಿ, ನಾನು ಒಬ್ಬಳೇ ಇರಬೇಕಾದ ಕೋಣೆಯಲ್ಲಿ ಕೂತೆ. ನನ್ನ ಮೈಯೇ ವಿಕಿರಣ ಸೂಸುತ್ತಿತ್ತು. ಹತ್ತಿರ ಯಾರೂ ಬರುವಂತಿರಲಿಲ್ಲ, ಊಟ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಗುಳಿಗೆ ಎಲ್ಲಿ ಹೋಗಿ ಸೇರಿದೆ ಎನ್ನುವುದು ಸ್ಕ್ಯಾನ್ ಆಗುವವರೆಗೆ ಗೊತ್ತಾಗುವುದಿಲ್ಲ. ದಂಡವಾಯಿತೋ ಏನೋ ಎಂದು ಕುತ್ತಿಗೆಯನ್ನು ಮುಟ್ಟಿಮುಟ್ಟಿ ನೋಡಿಕೊಂಡೆ, ಮುಟ್ಟಿದರೆ ಏನು ತಿಳಿಯುತ್ತದೆ.

ಸ್ಕ್ಯಾನಿನ ಚಿತ್ರವನ್ನು ಡಾಕ್ಟರು ದೂರದಿಂದಲೇ ತೋರಿಸಿದರು. ಮೈಯ ಮಬ್ಬು ಆಕಾರ, ಕುತ್ತಿಗೆಯ ಹತ್ತಿರ ಕಡುಗಪ್ಪು ಚುಕ್ಕೆಗಳು. ಚೆನ್ನಾಗಿ ಹಿಡಿದಿದೆ ಅಂದರು. ಇನ್ನು ಮಾತ್ರೆ ಶುರು ಮಾಡಿ, ಊಟವೂ ಮಾಮೂಲಿ ಮಾಡಿ ಅಂದರು.

ಮನೆಗೆ ಫೋನ್ ಮಾಡಿದೆ, ಅತ್ತೆಯೇ ಎತ್ತಿದರು. ಸ್ಕ್ಯಾನಿನ ವಿಷಯ ಹೇಳಿದರೆ ಅವರಿಗೆ ಅದು ತಲೆಗೆ ಹೋಗಲಿಲ್ಲ. ಊಟಕ್ಕ ಉಪ್ಪು ಹಾಕ್ಯಾರೇನು ಎಂದು ಕೇಳಿದರು. ಹೂಂ, ಇವತ್ತಿನಿಂದ ಎಲ್ಲರ ಉಪ್ಪೇ ಅಂದೆ. ಆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು.

“ಹಂಗಾದ್ರ ಇನ್ನ ನೀ ಎಲ್ಲಿ ಸಾಯ್ತಿ,” ಅಂದರು. “ಬಾ ಮನೀಗೆ.”

ಗಂಟು ಕಂಡ ದಿನದಿಂದ ನಾನು ಅತ್ತಿರಲಿಲ್ಲ. ಆ ಕೋಣೆಯಲ್ಲಿ ನನ್ನ ಕಣ್ಣೀರೂ ವಿಕಿರಣದ್ದೇ, ಒರೆಸಿಕೊಂಡ ಕಾಗದವನ್ನು ಬೇರೆಯದೇ ಒಂದು ಡಬ್ಬಿಗೆ ಹಾಕಬೇಕೆಂದು ನಿಯಮವಿತ್ತು. ಆ ದಿನ ಡಬ್ಬಿ ತುಂಬಿತು.