ಆರು ಮನೆ, ಒಂದು ವೈಫೈ

ಉತ್ತರಹಳ್ಳಿಯ ಮುನಿವೆಂಕಟಮ್ಮನಿಗೆ ಪಾಲು ಅಂದರೆ ಪ್ರಾಣ. ಹಿಂದೆ ಜಮೀನು ಹಂಚುವಾಗ ಭಾವ ಬಾವಿಯಿದ್ದ ಕಡೆಯನ್ನೆಲ್ಲ ತಾನಿಟ್ಟುಕೊಂಡು, ಇವಳ ಗಂಡನಿಗೆ ಕಲ್ಲುನೆಲ ತಳ್ಳಿದ್ದ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಅದೇ ಕಲ್ಲುನೆಲದ ಮೇಲೆ ಈಗ ಆರು ಮನೆಗಳಿವೆ. ಒಂದರಲ್ಲಿ ತಾನು, ಉಳಿದವು ಬಾಡಿಗೆಗೆ. ಎಲ್ಲಕ್ಕೂ ಸೇರಿ ಒಂದೇ ವೈಫೈ.

ಸಂಜೆಯಾದರೆ ಸಾಕು, ಜಗಳ. ಒಂದು ಮನೆಯಲ್ಲಿ ಕ್ರಿಕೆಟ್ ಓಡಿದರೆ ಇನ್ನೊಂದು ಮನೆಯ ಮಕ್ಕಳ ಟ್ಯೂಷನ್ ನಿಂತುಹೋಗುತ್ತಿತ್ತು. ತಲೆಕೆಟ್ಟ ಮುನಿವೆಂಕಟಮ್ಮ ನೆಟ್ ರಿಪೇರಿಯ ಶರಣ್‌ನನ್ನು ಕರೆಸಿದಳು.

"ಆರು ಪಾಲು ಮಾಡ್ಬಿಡಪ್ಪ. ಒಬ್ರು ಬಳಸ್ದೇ ಇದ್ರೂ ಅವ್ರದ್ದನ್ನ ಇನ್ನೊಬ್ರು ಮುಟ್ಟಂಗಿಲ್ಲ."

ಅವನು ಹಾಗೇ ಮಾಡಿದ. ವಠಾರ ತಣ್ಣಗಾಯಿತು. ತನ್ನ ನ್ಯಾಯಕ್ಕೆ ತಾನೇ ಬೀಗಿದಳು, ಪುಣ್ಯಾತ್ಗಿತ್ತಿ.

ಮೂಲೆಮನೆಯ ಸುನಿತಾಗೆ ಕಿವಿ ಕೇಳಿಸದು, ಮಾತೂ ಬಾರದು. ಅವಳ ತಾಯಿಗೂ ಅಷ್ಟೇ, ಜೊತೆಗೆ ಓದುಬರಹವೂ ಇಲ್ಲ. ತಾಯಿಮಗಳ ಮಾತೆಲ್ಲ ವಿಡಿಯೋದಲ್ಲಿ, ಕೈಸನ್ನೆಯಲ್ಲಿ. ತಾಯಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಮರುದಿನ ಹೃದಯದ ಆಪರೇಷನ್. ಹಸಿ ಬಾಣಂತಿ ಸುನಿತಾ ಹೋಗುವ ಹಾಗಿರಲಿಲ್ಲ.

ಆ ಸಂಜೆ ತಾಯಿಯ ಕರೆ ಬಂತು. ಚಿತ್ರ ಚೂರುಚೂರಾಗಿ, ಆಕೆ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಆ ಹೊತ್ತಿಗೆ ಓಣಿಯಲ್ಲಿ ಮೊಬೈಲ್ ನೆಟ್ ಸತ್ತೇ ಹೋಗಿರುತ್ತದೆ. ಸುನಿತಾ ಫೋನ್ ಹಿಡಿದು ಓಡಿಬಂದಳು. ಅವಳ ಮುಖ ನೋಡಿ ಮುನಿವೆಂಕಟಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದಳು. ಮನೆಮನೆಗೂ ಹೋಗಿ ಬೇಡಿಕೊಂಡಳು.

"ಒಂದು ಗಳಿಗೆ ಎಲ್ಲಾ ಆಫ್ ಮಾಡ್ರಪ್ಪ. ಆ ಹುಡ್ಗಿ ಅವ್ರಮ್ಮನ ಹತ್ರ ಮಾತಾಡ್ಲಿ."

ಒಬ್ಬರೂ ಕೊಂಕು ತೆಗೆಯಲಿಲ್ಲ. ಕೊನೆಯ ಓವರ್ ನೋಡುತ್ತಿದ್ದ ಗೌರೀಶಂಕರನೂ ಟಿವಿ ಆರಿಸಿದ. ಆದರೂ ತೆರೆಯ ಮೇಲಿನ ಕೈ ಅಲುಗಲಿಲ್ಲ. ಮುನಿವೆಂಕಟಮ್ಮ ಶರಣ್‌ಗೆ ಫೋನ್ ಮಾಡಿದಳು.

"ಆಂಟಿ, ಅವ್ರು ಆಫ್ ಮಾಡಿದ್ರೆ ಅವ್ರ ಪಾಲು ಸುಮ್ನೆ ಬಿದ್ದಿರತ್ತೆ, ಇವ್ರಿಗೆ ಹೋಗಲ್ಲ. ಇವ್ರ ಒಂದು ಪಾಲು ವಿಡಿಯೋಗೆ ಸಾಲಲ್ಲ. ನೀವೇ ಅಲ್ವಾ ಹಂಗೆ ಮಾಡು ಅಂದಿದ್ದು? ಬಂದು ಬದಲಾಯಿಸ್ತೀನಿ, ಆದ್ರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೀನಿ."

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಭೇಟಿಯ ಹೊತ್ತು ಮುಗಿದು, ತಾಯಿಗೆ ಫೋನ್ ಹಿಡಿದಿದ್ದ ನೆಂಟರು ಹೊರಡಬೇಕಾಗಿ ಕರೆ ಕಡಿಯಿತು.

ಏನಾಯಿತೆಂದು ಸುನಿತಾ ಕಣ್ಣಲ್ಲೇ ಕೇಳಿದಳು. ತಪ್ಪು ನನ್ನದು ಮಗಳೇ ಎಂದು ಹೇಳಬೇಕಿತ್ತು ಮುನಿವೆಂಕಟಮ್ಮನಿಗೆ. ಕೈ ಎತ್ತಿದಳು. ಅದಕ್ಕೆ ಸನ್ನೆ ಯಾವುದೆಂದು ಗೊತ್ತಿರಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.